ಗೇಣೆತ್ತರದ ಕ್ರೇನು

"ಹಿಡೀರಿ! ಯಾರಾದ್ರೂ ಅದನ್ನ ಹಿಡೀರಿ!"

ಧ್ವನಿ ಮೇಜಿನ ಅಡಿಯಿಂದ ಬರುತ್ತಿತ್ತು. ಹೆಗಲ ಮೇಲೆ ದಪ್ಪ ಹಗ್ಗದ ಸುರುಳಿ ಹೊತ್ತು ಒಳಗೆ ಬಂದವನಿಗೆ ಮೊದಲು ಕಂಡದ್ದು ಎರಡು ಪಾದ, ಪಕ್ಕದಲ್ಲಿ ಕಳಚಿ ಬಿದ್ದ ಒಂದು ಚಪ್ಪಲಿ. ಆಮೇಲೆ ಮೇಜಿನ ಮೇಲಿನ ಊರು ಕಂಡಿತು. ಬೆಂಕಿಪೊಟ್ಟಣದಷ್ಟು ಮನೆಗಳು, ಸ್ಪಂಜಿನ ಮರಗಳು, ನೀಲಿ ಬಳಿದ ಸಮುದ್ರ, ಅದರ ದಡದಲ್ಲಿ ಒಂದು ಪುಟ್ಟ ಬಂದರು. ಊರನ್ನು ಸುತ್ತುಹಾಕುತ್ತ ಆಟಿಕೆ ರೈಲು ಓಡುತ್ತಿತ್ತು. ಬಂದರಿನ ಕಟ್ಟೆಯ ಮೇಲೆ ಗೇಣೆತ್ತರದ ಹಳದಿ ಕ್ರೇನೊಂದು ದೆವ್ವ ಮೆಟ್ಟಿದ ಹಾಗೆ ಗರಗರ ತಿರುಗುತ್ತ, ತನ್ನ ಕೊಕ್ಕೆಯಿಂದ ಮನೆಗಳ ಚಾವಣಿಯನ್ನು ಒಂದೊಂದಾಗಿ ಹಾರಿಸುತ್ತಿತ್ತು.

ಅವನು ಹಗ್ಗ ಕೆಳಗೆ ಹಾಕಿ, ಎರಡು ಬೆರಳಿನಲ್ಲಿ ಕ್ರೇನಿನ ಕತ್ತು ಹಿಡಿದ.

"ಹಿಡಿದ್ರಾ?"

"ಹಿಡಿದೆ."

"ಬಿಡಬೇಡಿ!"

"ಬಿಡಲ್ಲ."

ಮುಖ ನೋಡುವ ಮೊದಲೇ ಇಷ್ಟು ಮಾತು ಕೊಟ್ಟಾಗಿತ್ತು.

ಮೇಜಿನ ಅಡಿಯಲ್ಲಿ ಏನೋ ಚಟ್ ಎಂದಿತು. ಕ್ರೇನು ಅವನ ಬೆರಳುಗಳ ನಡುವೆ ತಣ್ಣಗಾಯಿತು, ರೈಲೂ ನಿಂತಿತು. ಅವಳು ತೆವಳಿಕೊಂಡು ಹೊರಬಂದಳು. ಕೂದಲಲ್ಲಿ ಒಂದು ಸ್ಪಂಜಿನ ಮರ ಸಿಕ್ಕಿಕೊಂಡಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ. ಹೇಳಬೇಕೆಂದು ಅವನಿಗೆ ಅನ್ನಿಸಲಿಲ್ಲ, ಅಷ್ಟು ಚೆನ್ನಾಗಿ ಒಪ್ಪುತ್ತಿತ್ತು.

ಸ್ಟೇಷನ್ ಪಕ್ಕದ ಹಳೇ ಗೂಡ್ಸ್ ಶೆಡ್ಡನ್ನು ಮಕ್ಕಳ ಮ್ಯೂಸಿಯಂ ಮಾಡಿದ್ದರು. ಅದರಲ್ಲಿ ಈ ಆಟಿಕೆ ರೈಲಿನ ಊರು ಅವಳ ಪಾಲಿನ ಕೆಲಸ. ಹಳಿ ಜೋಡಿಸುವುದರಿಂದ ಹಿಡಿದು ಮರಕ್ಕೆ ಬಣ್ಣ ಬಳಿಯುವತನಕ ಎಲ್ಲ ಅವಳೇ. ಬರುವ ಮಕ್ಕಳು ಅವಳನ್ನು ರೈಲಕ್ಕ ಎನ್ನುತ್ತಿದ್ದರು. ಪ್ರದರ್ಶನಕ್ಕೆ ಒಂದಿಷ್ಟು ಹಳೇ ಹಗ್ಗ ಬೇಕೆಂದು ಮ್ಯೂಸಿಯಂನವರು ಬಂದರಿಗೆ ಹೇಳಿಕಳಿಸಿದ್ದರು. ಅದನ್ನು ತಲುಪಿಸಲು ಅವನು ಬಂದಿದ್ದ.

"ಎಲ್ಲಿಡ್ಲಿ?"

"ಆ ಮೂಲೇಲಿ."

ಅವನು ಹಗ್ಗ ಎತ್ತಿಕೊಳ್ಳಲು ತಿರುಗಿದ. ಅವನ ಹಳೇ ಜಾಕೆಟ್ಟಿನ ಬೆನ್ನ ಮೇಲೆ ದೊಡ್ಡಕ್ಷರದಲ್ಲಿ ಬರೆದದ್ದನ್ನು ಅವಳು ಓದಿದಳು.

"ಅಯ್ಯೋ! ನೀವು ಕ್ರೇನ್ ಆಪರೇಟರಾ? ನಿಜವಾದ ಕ್ರೇನ್ ಓಡಿಸ್ತೀರಾ?"

ಓಡಿಸ್ತಿದ್ದೆ ಎನ್ನಬೇಕಿತ್ತು. ಬಾಯಿ ತೆರೆದದ್ದೂ ಅದಕ್ಕೇ. ಆದರೆ ಅವಳ ಕಣ್ಣು ಅಗಲವಾಗಿ ಅರಳಿತ್ತು. ಯಾರೂ ಅವನನ್ನು ಹಾಗೆ ನೋಡಿ ಬಹಳ ಕಾಲವಾಗಿತ್ತು.

"ಹೂಂ," ಅಂದ.

ಅಷ್ಟೇ. ಒಂದು ಅಕ್ಷರದ ಸುಳ್ಳು.

ನಿಜವೇನೆಂದರೆ, ಅವನು ಬಂದರಿನ ಸ್ಟೋರಿನಲ್ಲಿ ಕೂತು ಗ್ಲೌಸು, ಹಗ್ಗ, ಕೊಂಡಿಗಳನ್ನು ಕೊಡುವವನು. ಒಂದು ಕಾಲದಲ್ಲಿ ದೊಡ್ಡ ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ ಕೂರುತ್ತಿದ್ದದ್ದು ಹೌದು. ಅಲ್ಲಿಂದಲೇ ನೆಲದ ಮೇಲೆ ಬಿದ್ದ ಷರ್ಟಿನ ಗುಂಡಿಯೂ ಕಾಣುತ್ತದೆ ಇವನಿಗೆ ಎಂದು ಜೊತೆಯವರು ಗಿಡುಗ ಎಂದು ಹೆಸರಿಟ್ಟದ್ದೂ ಹೌದು. ಆದರೆ ಒಂದು ದಿನ ಗಾಳಿ ಎದ್ದಾಗ ಆ ಗಿಡುಗ ಮೇಲೆಯೇ ಉಳಿದುಬಿಟ್ಟಿತು. ಇನ್ನೊಬ್ಬರು ಹತ್ತಿ ಹೋಗಿ ಇಳಿಸಿಕೊಂಡು ಬರಬೇಕಾಯಿತು. ಆಮೇಲೆ ಅವನ ಕಾಲು ಮತ್ತೆ ಆ ಏಣಿ ಮುಟ್ಟಲಿಲ್ಲ. ಜಾಕೆಟ್ಟು ಮಾತ್ರ ಉಳಿದಿತ್ತು. ಬೆಚ್ಚಗಿತ್ತು ಎಂದು ಹಾಕುತ್ತಿದ್ದ.

"ದೇವರೇ ಕಳಿಸಿದ ಹಾಗೆ ಬಂದ್ರಿ," ಎಂದು ಅವಳು ಕುರ್ಚಿ ಎಳೆದು ಕೊಟ್ಟಳು. "ಸ್ವಲ್ಪ ಕೂತ್ಕೊಳ್ಳಿ. ಇದಕ್ಕೇನು ರೋಗ ಅಂತ ಹೇಳಿ."

ರೋಗ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರೈಲಿನ ಹಳಿಗೆ ಕೊಟ್ಟ ಕರೆಂಟನ್ನೇ ಅವಳು ಕ್ರೇನಿಗೂ ಕೊಟ್ಟಿದ್ದಳು. ರೈಲು ಮೆಲ್ಲಗೆ ಹೋದರೆ ಕ್ರೇನೂ ಮೆಲ್ಲಗೆ, ರೈಲು ಓಡಿದರೆ ಇದಕ್ಕೂ ಹುಚ್ಚು.

"ರೈಲು ಬಂದು ಕ್ರೇನಿನ ಕೆಳಗೆ ನಿಲ್ಲಬೇಕು ತಾನೆ, ಸಾಮಾನು ಏರಿಸೋಕೆ?" ಅವನು ಕೇಳಿದ.

"ಹೌದು."

"ರೈಲು ನಿಂತ್ರೆ?"

ಅವಳು ಹಣೆ ತಟ್ಟಿಕೊಂಡಳು. "ಕ್ರೇನೂ ನಿಲ್ಲುತ್ತೆ."

"ಅಂದ್ರೆ ಕೆಲಸ ಇದ್ದಾಗ ನಿದ್ದೆ, ಇಲ್ಲದಿದ್ದಾಗ ಕುಣಿತ."

"ನಮ್ಮ ಮ್ಯಾನೇಜರ್ ಥರ!" ಎಂದು ಅವಳು ನಕ್ಕಳು. ನಗುವಾಗ ಮೂಗಿನ ಮೇಲೆ ಸಣ್ಣ ಸುಕ್ಕು ಮೂಡುತ್ತಿತ್ತು. ತಲೆಯ ಮೇಲಿನ ಮರ ಅಲ್ಲಾಡಿ ಬಿತ್ತು. ಅದನ್ನು ಕೈಗೆತ್ತಿಕೊಂಡು, ಕೆಂಪಾಗಿ, "ಇದು ಆಗಿನಿಂದ ಇಲ್ಲೇ ಇತ್ತಾ?" ಎಂದಳು.

"ಇತ್ತು."

"ಹೇಳಬಾರದಿತ್ತಾ?"

ಅವನು ಸುಮ್ಮನೆ ಕ್ರೇನು ನೋಡಿದ.

*

ಮುಂದಿನ ವಾರದ ರಜೆಗೆ ಅವನು ಮತ್ತೆ ಹೋದ. ಅದರ ಮುಂದಿನ ವಾರವೂ.

ಕ್ರೇನಿಗೆ ಬೇರೆಯೇ ಕರೆಂಟು ಬಂತು. ಅವಳು ಒಂದು ಸಣ್ಣ ಅಡಾಪ್ಟರ್ ತಂದು, ಅದರಿಂದ ಎರಡು ದಾರಿ ಮಾಡಿದಳು. ಕ್ರೇನಿನ ಹೊಟ್ಟೆಯಲ್ಲಿ ಎರಡು ಮೋಟಾರು, ಒಂದು ಮೈ ತಿರುಗಿಸಲು, ಇನ್ನೊಂದು ಕೊಕ್ಕೆ ಎಳೆಯಲು. ಒಂದೊಂದಕ್ಕೆ ಒಂದೊಂದು ಸ್ವಿಚ್ಚು. ಸ್ವಿಚ್ಚು ಈ ಕಡೆ ಒತ್ತಿದರೆ ಕೊಕ್ಕೆ ಮೇಲೆ, ಆ ಕಡೆ ಒತ್ತಿದರೆ ಕೆಳಗೆ.

"ಎರಡು ತಂತಿ ಅದಲುಬದಲು ಆದ್ರೆ ಸಾಕು, ಮೋಟಾರು ಉಲ್ಟಾ ತಿರುಗುತ್ತೆ," ಎಂದು ವಿವರಿಸಿದಳು. "ಆ ಅದಲುಬದಲನ್ನ ಸ್ವಿಚ್ಚೇ ಮಾಡುತ್ತೆ."

"ಕೈ ಬಿಟ್ರೆ?"

"ಕೈ ಬಿಟ್ರೆ? ಹಾಗೇ ಓಡ್ತಾ ಇರುತ್ತೆ."

"ಹಾಗಾಗಬಾರದು. ನಿಜವಾದ ಕ್ರೇನಲ್ಲಿ ಕೈ ಬಿಟ್ಟ ತಕ್ಷಣ ಲಿವರ್ ತಾನಾಗೇ ಮಧ್ಯಕ್ಕೆ ಬಂದು ನಿಲ್ಲುತ್ತೆ. ಓಡಿಸೋನಿಗೆ ಏನಾದ್ರೂ ಆದ್ರೆ... ಎಲ್ಲ ಅಲ್ಲಿಗೇ ನಿಲ್ಲಬೇಕು."

ಕೊನೆಯ ಮಾತನ್ನು ಅವನು ಕ್ರೇನಿನ ಖಾಲಿ ಗೂಡು ನೋಡುತ್ತ ಹೇಳಿದ. ಅವಳು ಗಮನಿಸಲಿಲ್ಲ. ಡಬ್ಬಿ ತಡಕಿ ಸ್ಪ್ರಿಂಗ್ ಇರುವ ಸ್ವಿಚ್ಚು ಹುಡುಕುವುದರಲ್ಲಿ ಮುಳುಗಿದ್ದಳು.

ಇನ್ನೂ ಒಂದು ಕಾಟವಿತ್ತು. ವೇಗ ಕಡಿಮೆ ಮಾಡಿದರೆ ಮೋಟಾರು ಮೊಂಡು ಕತ್ತೆಯ ಹಾಗೆ ನಿಂತೇಬಿಡುತ್ತಿತ್ತು. ಸ್ವಲ್ಪ ಹೆಚ್ಚಿಸಿದರೆ ಛಂಗನೆ ನೆಗೆಯುತ್ತಿತ್ತು. ಅದಕ್ಕೂ ಅವಳ ಹತ್ತಿರ ಮದ್ದಿತ್ತು, ಬೆರಳಗಲದ ಒಂದು ಬೋರ್ಡು.

"ಇದು ಕರೆಂಟನ್ನ ತೆಳು ಮಾಡಲ್ಲ, ಗುಟುಕು ಗುಟುಕಾಗಿ ಕೊಡುತ್ತೆ. ಪೂರ್ತಿ ಬಲ, ಒಂದು ಕ್ಷಣ. ಬಿಡುವು. ಮತ್ತೆ ಪೂರ್ತಿ ಬಲ. ಆಗ ಗಾಬರಿ ಇಲ್ಲದೆ ಮೆಲ್ಲಗೆ ಹೊರಡುತ್ತೆ ನೋಡಿ."

ಕೊಕ್ಕೆ ನಿಜವಾಗಿಯೂ ಮೆಲ್ಲಗೆ, ಜೇಡ ಇಳಿದ ಹಾಗೆ ಇಳಿಯಿತು. ಇಬ್ಬರೂ ಉಸಿರು ಹಿಡಿದು ನೋಡಿದರು. ಒಂದೇ ಕೊಕ್ಕೆ ನೋಡಲು ಎರಡು ತಲೆ ಬಗ್ಗಿದರೆ ಕೆನ್ನೆ ಎಷ್ಟು ಹತ್ತಿರ ಬರುತ್ತದೋ ಅಷ್ಟು ಹತ್ತಿರ ಬಂದಿತ್ತು. ಅವಳು ಅಲ್ಲೇ ತಿರುಗಿ ಅವನನ್ನು ನೋಡಿದಳು. ನೋಟ ಕೊಕ್ಕೆಗಿಂತ ನಿಧಾನವಾಗಿ ಇಳಿಯಿತು, ಕಣ್ಣಿನಿಂದ ಮೂಗಿಗೆ, ಮೂಗಿನಿಂದ ತುಟಿಗೆ, ಅಲ್ಲಿಂದ ಥಟ್ಟನೆ ಮೇಜಿಗೆ.

"ಬೆಸುಗೆ ಕಡ್ಡಿ ಬಿಸಿಯಾಗಿದೆ," ಅಂದಳು. "ಕೈ ಸುಟ್ಕೊಂಡೀರ."

"ಹೂಂ," ಅಂದ.

ಕೆಲಸ ಮಾಡುತ್ತ ಅವಳು ಕೇಳುತ್ತಿದ್ದಳು. ಮೇಲಿಂದ ಸಮುದ್ರ ಹೇಗೆ ಕಾಣುತ್ತೆ? ಬೇಜಾರಾದ್ರೆ ಏನ್ ಮಾಡ್ತೀರಿ? ಹಕ್ಕಿ ಬಂದು ಕೂರುತ್ತಾ? ಅವನು ಹೇಳುತ್ತಿದ್ದ. ಬೆಳಗಿನ ಹೊತ್ತು ಹಡಗುಗಳ ನೆರಳು ನೀರಿನ ಮೇಲೆ ಹೇಗೆ ಉದ್ದಕ್ಕೆ ಮಲಗಿರುತ್ತದೆ, ಗಾಜಿನ ಆಚೆ ಕೂತ ಕಡಲಹಕ್ಕಿ ಹೇಗೆ ಸಾಲಗಾರನ ಹಾಗೆ ದುರುಗುಟ್ಟುತ್ತದೆ, ಕೆಳಗಿನವರೆಲ್ಲ ಬರೀ ತಲೆ ಮತ್ತು ಭುಜವಾಗಿ ಹೇಗೆ ಓಡಾಡುತ್ತಾರೆ. ಹೇಳಿದ್ದೆಲ್ಲ ನಿಜ. ಕಾಲ ಮಾತ್ರ ಸುಳ್ಳು. 'ಕಾಣುತ್ತಿತ್ತು' ಎನ್ನುವಲ್ಲೆಲ್ಲ 'ಕಾಣುತ್ತೆ' ಎನ್ನುತ್ತಿದ್ದ.

"ಬಂದರಿನಲ್ಲಿ ನಿಮ್ಮನ್ನ ಗಿಡುಗ ಅಂತ ಕರೀತಾರೆ ಅಂದಿದ್ರಲ್ಲ, ಯಾಕೆ ಅಂತ ಈಗ ಗೊತ್ತಾಯ್ತು," ಅಂದಳು ಒಂದು ದಿನ. "ಒಂದ್ಸಲ ನನ್ನನ್ನೂ ಮೇಲೆ ಕರ್ಕೊಂಡು ಹೋಗಿ, ಗಿಡುಗ ಸಾರ್. ಈ ಊರನ್ನ ನಾನು ಪಕ್ಕದಿಂದಲೇ ಕಟ್ಟಿದೀನಿ. ಮೇಲಿಂದ ಬಂದರು ಹೇಗಿರುತ್ತೆ ಅಂತ ನೋಡ್ಬೇಕು."

"ಈಗ... ಗಾಳಿ ಜಾಸ್ತಿ."

ಮುಂದಿನ ವಾರ ಕೇಳಿದಾಗ ರಿಪೇರಿ ಎಂದ. ಅದರ ಮುಂದಿನ ವಾರ ಸಾಹೇಬರ ಅನುಮತಿ ಸಿಕ್ಕಿಲ್ಲ ಎಂದ. ಅಂದು ಹೊರಗೆ ಬಂದು ಸ್ಟೇಷನ್ ಗೋಡೆಗೆ ಒರಗಿ ನಿಂತ. ಮುಖಕ್ಕೆ ನೀರು ಹಾಕಿಕೊಂಡರೂ ಬಿಸಿ ಇಳಿಯಲಿಲ್ಲ. ನಡೆದು ಹೋಗುವಾಗ ಅಂಗಡಿಯ ಗಾಜಿನಲ್ಲಿ ತನ್ನ ಬೆನ್ನು ಕಂಡಿತು. ಜಾಕೆಟ್ಟು ಕಳಚಿ, ಅಕ್ಷರ ಒಳಗಾಗುವಂತೆ ಮಡಚಿ, ಕಂಕುಳಲ್ಲಿಟ್ಟುಕೊಂಡ. ಚಳಿಯಲ್ಲಿ ನಡುಗುತ್ತ ಮನೆ ಸೇರಿದ.

ಮನೆಯೆಂದರೆ ಅಕ್ಕನ ಮನೆ. ಅಕ್ಕ ಹೊಲಿಗೆ ಯಂತ್ರದ ಹಿಂದೆ ಕೂತಿದ್ದವಳು ಕನ್ನಡಕದ ಮೇಲಿಂದ ನೋಡಿದಳು.

"ಬೆಳಿಗ್ಗೆ ಷರ್ಟಿಗೆ ಇಸ್ತ್ರಿ ಹಾಕ್ಕೊಂಡು ಹೋದವನು ಸಂಜೆ ಹೆಣದ ಮುಖ ಹೊತ್ಕೊಂಡು ಬಂದಿದೀಯ. ಯಾರೋ ಅವಳು?"

ಅವನು ಮೊದಲು ಇಲ್ಲ ಎಂದ. ಅಕ್ಕನ ಮುಂದೆ ಇಲ್ಲ ಎನ್ನುವುದು ಜರಡಿಯಲ್ಲಿ ನೀರು ತರುವ ಹಾಗೆ. ಎಲ್ಲ ಹೇಳಿದ. ಅಡುಗೆಮನೆಯಿಂದ ಭಾವನೂ ಕೈ ಒರೆಸಿಕೊಳ್ಳುತ್ತ ಬಂದು ಕೇಳಿಸಿಕೊಂಡ.

"ಸ್ಟೋರಲ್ಲಿ ಕೂರೋದು ಏನು ಕಳ್ಳತನವಾ?" ಎಂದ ಭಾವ.

"ಅದಲ್ಲ ಭಾವ. ಅವರು ನನ್ನನ್ನ ನೋಡೋದೇ... ಆ ಎತ್ತರದಲ್ಲಿಟ್ಟು ನೋಡ್ತಾರೆ."

"ನಾಳೆನೇ ಹೇಳು," ಎಂದಳು ಅಕ್ಕ. "ನಿಜ ಹೇಳೋಕೆ ಒಳ್ಳೇ ಗಳಿಗೆ ನೋಡ್ತಾ ಕೂತ್ರೆ ಸುಳ್ಳಿಗೆ ಮೊಮ್ಮಕ್ಕಳು ಹುಟ್ಟಿಬಿಡ್ತವೆ."

ಹೇಳಲೆಂದೇ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದ. ಅವಳು ಬಾಗಿಲಲ್ಲೇ ಕಾಯುತ್ತಿದ್ದಳು, ಕೈ ಮುಷ್ಟಿ ಮಾಡಿಕೊಂಡು.

"ಕಣ್ಣು ಮುಚ್ಚಿ. ಕೈ ಚಾಚಿ."

ಅಂಗೈಯಲ್ಲಿ ಏನೋ ಹಗುರವಾದದ್ದು ಕೂತಿತು. ಕಣ್ಣು ತೆರೆದರೆ ಒಬ್ಬ ಪುಟಾಣಿ ಮನುಷ್ಯ. ಅಕ್ಕಿಕಾಳಿನಷ್ಟು ತಲೆ, ಅವನದೇ ಜಾಕೆಟ್ಟಿನ ಬಣ್ಣ, ಮುಂದಕ್ಕೆ ಚಾಚಿದ ಎರಡು ಕೈ.

"ನೀವೇ. ಭೂತಗನ್ನಡಿ ಹಿಡಿದು ಬಣ್ಣ ಹಾಕ್ದೆ. ಮೀಸೆ ಬರೀವಾಗ ಮಾತ್ರ ಎರಡು ಸಲ ಸೀನು ಬಂತು, ಅದಕ್ಕೇ ಸ್ವಲ್ಪ ಸೊಟ್ಟ."

ಅವಳೇ ಚಿಮುಟದಲ್ಲಿ ಅವನನ್ನೆತ್ತಿ ಕ್ರೇನಿನ ಗೂಡಿನಲ್ಲಿ ಕೂರಿಸಿದಳು. ಒಂದು ಹನಿ ಅಂಟು ಹಾಕಿದಳು.

ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅವನ ಬಾಯಲ್ಲೇ ಕರಗಿ ಹೋಯಿತು. ನೆಲ ಬಾಯಿಬಿಡಬಾರದೇ ಅನ್ನಿಸಿತು. "ಚೆನ್ನಾಗಿದೆ," ಎಂದಷ್ಟೇ ಹೇಳಿದ.

*

ಆಟಿಕೆ ರೈಲಿನ ಹೊಸ ಬಂದರು ಎಲ್ಲರಿಗೂ ತೆರೆದ ದಿನ ಶೆಡ್ಡು ಕಿಕ್ಕಿರಿದಿತ್ತು. ರೈಲು ಅವಳ ಕೈಯಲ್ಲಿ, ಕ್ರೇನು ಅವನ ಕೈಯಲ್ಲಿ. ರೈಲು ಬಂದು ನಿಲ್ಲುತ್ತಿತ್ತು, ಕ್ರೇನು ತಿರುಗಿ, ಕೊಕ್ಕೆ ಇಳಿಸಿ, ಹಡಗಿನಿಂದ ಒಂದು ಪುಟ್ಟ ಪೆಟ್ಟಿಗೆ ಎತ್ತಿ ವ್ಯಾಗನ್ನಿನಲ್ಲಿಡುತ್ತಿತ್ತು. ಪ್ರತಿ ಸಲವೂ ಮಕ್ಕಳು ಹೋ ಎನ್ನುತ್ತಿದ್ದರು.

"ಇವರು ನಿಜವಾದ ಕ್ರೇನ್ ಆಪರೇಟರ್," ಎಂದು ಅವಳು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದಳು. "ನಮ್ಮ ಬಂದರಿನಲ್ಲಿ ಅತಿ ಎತ್ತರದ್ದು ಇದೆಯಲ್ಲ, ಅದೇ."

ಪ್ರತಿ ಸಲವೂ ಅವನ ಬೆನ್ನು ಬೆವರುತ್ತಿತ್ತು.

ಗುಂಪಿನ ಹಿಂದಿನಿಂದ ಒಂದು ದಪ್ಪ ಧ್ವನಿ ತೇಲಿ ಬಂತು.

"ಏನೋ ಗಿಡುಗಾ! ನೀನಿಲ್ಲಿ?"

ಬಂದರಿನ ಮೇಸ್ತ್ರಿ. ಹೆಂಡತಿ, ಮೊಮ್ಮಗಳ ಜೊತೆ ಬಂದಿದ್ದ. ಅಂದು ಏಣಿ ಹತ್ತಿ ಬಂದು ಅವನನ್ನು ಇಳಿಸಿದ್ದು ಇದೇ ಮೇಸ್ತ್ರಿ. ಒಳ್ಳೆಯ ಮನುಷ್ಯ. ಒಳ್ಳೆಯವರ ಬಾಯಿಗೂ ಕೆಲವೊಮ್ಮೆ ಬೀಗ ಇರುವುದಿಲ್ಲ.

"ಸ್ಟೋರು ಬಿಟ್ಟು ಮತ್ತೆ ಕ್ರೇನು ಹಿಡಿದ್ಯಾ? ಭೇಷ್! ಇದಾದ್ರೆ ಚಿಂತೆ ಇಲ್ಲ ಬಿಡು, ಇಳಿಸ್ಕೊಂಡು ಬರೋಕೆ ನಾನು ಹತ್ತಬೇಕಾಗಿಲ್ಲ!"

ಮೇಸ್ತ್ರಿ ಹೊಟ್ಟೆ ಕುಣಿಸಿ ನಕ್ಕ. ಸುತ್ತ ನಿಂತವರು ಅರ್ಥವಾಗದಿದ್ದರೂ ನಕ್ಕರು. ಅವಳು ನಗಲಿಲ್ಲ.

"ಯಾವ ಸ್ಟೋರು?" ಕೇಳಿದಳು. ಮೆಲ್ಲಗೇ ಕೇಳಿದಳು.

"ಬಂದರಿನ ಸ್ಟೋರಮ್ಮ. ಗ್ಲೌಸು, ಹಗ್ಗ ಎಲ್ಲ ಇವನ ಕೈಲೇ. ಕ್ರೇನು ಬಿಟ್ಟ ಮೇಲೆ ಪಾಪ..." ಅಷ್ಟರಲ್ಲಿ ಮೇಸ್ತ್ರಿಯ ಹೆಂಡತಿ ಗಂಡನ ತೋಳು ಜಿಗುಟಿದಳು. ಮೇಸ್ತ್ರಿ ಇಬ್ಬರ ಮುಖ ನೋಡಿದ. ನಗು ಅರ್ಧಕ್ಕೇ ನಿಂತಿತು. ಮೊಮ್ಮಗಳ ಕೈ ಹಿಡಿದು ಹಿಂದೆ ಸರಿದ.

ಅವನಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಆದರೆ ಸಾಲು ಬಾಗಿಲಿನ ಆಚೆಗೂ ಇತ್ತು. ಮಕ್ಕಳು ಮೇಜಿನ ಅಂಚಿಗೆ ಗಲ್ಲ ಊರಿ ಕಾಯುತ್ತಿದ್ದರು.

ಅವಳು ರೈಲು ಹೊರಡಿಸಿದಳು. ಅದು ಬಂದು ನಿಂತಿತು.

"ತಿರುಗಿಸಿ," ಅಂದಳು, ಅವನ ಕಡೆ ನೋಡದೆ.

ತಿರುಗಿಸಿದ.

"ಇಳಿಸಿ."

ಇಳಿಸಿದ. ಕೊಕ್ಕೆ ತಪ್ಪಿತು. ಮತ್ತೆ ಇಳಿಸಿದ.

"ಎತ್ತಿ. ಸಾಕು."

ಸಂಜೆಯ ತನಕ ಅವರ ನಡುವೆ ಬೇರೆ ಮಾತಿರಲಿಲ್ಲ. ತಿರುಗಿಸಿ, ಇಳಿಸಿ, ಎತ್ತಿ, ಸಾಕು. ಬೆಳಿಗ್ಗೆ ಅವೇ ಮಾತುಗಳನ್ನು ಹೇಳುವಾಗ ಅವಳ ಧ್ವನಿಯಲ್ಲಿ ಕಚಗುಳಿಯಿತ್ತು. ಈಗ ಪ್ರತಿಯೊಂದೂ ತಣ್ಣಗಿನ ಕಬ್ಬಿಣ. ಗಾಜಿನ ಗೂಡಿನಲ್ಲಿ ಕೂತ ಸೊಟ್ಟ ಮೀಸೆಯವನು ಅವನನ್ನೇ ನೋಡುತ್ತಿದ್ದ. ಹೊಸಬರಿಗೆ ಕ್ರೇನನ್ನು ತೋರಿಸುವಾಗ ಅವಳು ಈಗ ಕ್ರೇನಿನ ಬಗ್ಗೆ ಮಾತ್ರ ಹೇಳುತ್ತಿದ್ದಳು. ಆಪರೇಟರ್ ಎಂಬ ಪದ ಅವಳ ಬಾಯಿಂದ ಮತ್ತೆ ಬರಲಿಲ್ಲ.

ಕೊನೆಯ ಮಗು ಹೋದ ಮೇಲೆ ಅವಳು ಅಡಾಪ್ಟರಿನ ಪ್ಲಗ್ ಕಿತ್ತಳು. ಇನ್ನೂ ಬೆಳಕಿತ್ತು. ಎತ್ತರದ ಕಿಟಕಿಯಿಂದ ಬಿಸಿಲು ಆ ಪುಟ್ಟ ಸಮುದ್ರದ ಮೇಲೆ ಬಿದ್ದಿತ್ತು.

"ಹೇಳಿ," ಅಂದಳು.

ಅವನು ನಿಂತುಕೊಂಡೇ ಹೇಳಿದ. ಕೂರುವ ಯೋಗ್ಯತೆ ಇದೆ ಎನ್ನಿಸಲಿಲ್ಲ.

"ಕಂಟೇನರ್ ಎತ್ತಿದ್ದೆ. ಅರ್ಧದಲ್ಲಿ ಗಾಳಿ ಎದ್ದಿತು. ಮೊದಲೂ ಎಷ್ಟೋ ಸಲ ಎದ್ದಿತ್ತು, ಏನೂ ಆಗಿರಲಿಲ್ಲ. ಅವತ್ತು ಯಾಕೋ... ಕೆಳಗೆ ನೋಡ್ದೆ. ತಲೆಗಳು ಕಾಣಿಸಿದ್ವು. ಇದು ಅವರ ಮೇಲೆ ಬಿದ್ರೆ ಅಂತ ಅನ್ನಿಸ್ತು ನೋಡಿ, ಕೈ ಬಿಟ್ಟೇಬಿಟ್ಟೆ. ಲಿವರು ಮಧ್ಯಕ್ಕೆ ಬಂತು. ಯಾರಿಗೂ ಏನೂ ಆಗಲಿಲ್ಲ. ಆದ್ರೆ ನಾನು ಗೂಡಿನ ನೆಲದ ಮೇಲೆ ಕೂತ್‌ಬಿಟ್ಟೆ. ಏಳೋಕೆ ಆಗ್ಲಿಲ್ಲ."

ಅವಳು ಕಿತ್ತ ಪ್ಲಗ್ಗನ್ನು ಮೇಜಿನ ಮೇಲಿಟ್ಟಳು.

"ಅತ್ತುಬಿಟ್ಟೆ. ವಾಕಿಟಾಕಿ ನನ್ನ ಮೊಣಕಾಲಿನಡಿ ಸಿಕ್ಕಿಕೊಂಡು, ಗುಂಡಿ ಒತ್ತಿಹೋಗಿತ್ತು. ನಂಗೆ ಗೊತ್ತಿರಲಿಲ್ಲ. ನಾನು ಅತ್ತಿದ್ದು ಇಡೀ ಬಂದರಿಗೆ ಕೇಳಿಸ್ತು. ಅಮ್ಮಾ ಅಂದಿದ್ದೂ." ಅವನ ಕಣ್ಣು ನೆಲದಲ್ಲಿತ್ತು. "ಮೇಸ್ತ್ರಿ ಬಂದು ಬೆನ್ನಿಗೆ ಎದೆ ಕೊಟ್ಟು, ಒಂದೊಂದೇ ಮೆಟ್ಟಿಲು ಕಾಲು ಇಡಿಸಿ ಇಳಿಸಿದ್ರು. ಕೆಳಗೆ ಎಲ್ಲರೂ ನಿಂತಿದ್ರು. ಯಾರೂ ನಗಲಿಲ್ಲ. ನಕ್ಕಿದ್ರೆ ಚೆನ್ನಾಗಿರ್ತಿತ್ತು."

ಬಿಸಿಲು ಸಮುದ್ರದಿಂದ ಬಂದರಿಗೆ ಸರಿದಿತ್ತು. ಮಕ್ಕಳ ಕೈ ತಾಗಿ ಓರೆಯಾಗಿದ್ದ ಒಂದು ಪುಟ್ಟ ಚಾವಣಿಯನ್ನು ಅವಳು ಸರಿಯಾಗಿ ಕೂರಿಸಿದಳು.

"ಅಷ್ಟು ಎತ್ತರದಲ್ಲಿ ಹೆದರದೇ ಇದ್ರೆ ಅದು ಹುಚ್ಚು," ಎಂದಳು ಕೊನೆಗೆ. "ಅದಕ್ಕೆ ನಾಚಿಕೆ ಪಡಬೇಕಾದ್ದು ಏನೂ ಇಲ್ಲ. ಆದ್ರೆ ಬಂದವರಿಗೆಲ್ಲ ನಾನು ಎದೆಯುಬ್ಬಿಸಿ ಹೇಳ್ತಾ ಇದ್ದೆ. ನೀವು ಪಕ್ಕದಲ್ಲೇ ನಿಂತು ಕೇಳ್ತಾ ಇದ್ರಿ. ನನ್ನ ಬಾಯಲ್ಲೂ ಸುಳ್ಳು ಹೇಳಿಸಿದ್ರಲ್ಲ, ಅದಕ್ಕೆ ನಾಚಿಕೆ ಪಡಿ."

"ಪಡ್ತಾ ಇದೀನಿ."

"ಇನ್ನೂ ಸ್ವಲ್ಪ ದಿನ ಪಡಿ."

ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ಒರೆಸುವ ಹಕ್ಕನ್ನು ಅವನು ಅದೇ ದಿನ ಕಳೆದುಕೊಂಡಿದ್ದ. ತಲೆ ಬಗ್ಗಿಸಿ ಹೊರಟ.

*

ಮಾರನೆಯ ದಿನ ಮೇಸ್ತ್ರಿ ಸ್ಟೋರಿಗೆ ಬಂದು ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತ. "ನನ್ನ ನಾಲಿಗೆಗೆ ಬೆಂಕಿ ಬೀಳ. ನಿನ್ನನ್ನ ಅಕ್ಕರೆಯಿಂದ ರೇಗಿಸಿದ್ದೋ."

"ನಿಮ್ಮದೇನೂ ತಪ್ಪಿಲ್ಲ ಮೇಸ್ತ್ರಿ. ನೀವು ಹೇಳಿದ್ದು ನಿಜ. ನಾನು ಹೇಳಿದ್ದು ಸುಳ್ಳು."

ದಿನಗಳು ಹೋದವು. ಅವನು ಗ್ಲೌಸು ಕೊಟ್ಟ, ಕೊಂಡಿ ಎಣಿಸಿದ, ಹಗ್ಗ ಸುತ್ತಿದ. ರಜೆಯ ದಿನ ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಅವನ ಮುಂದೆ ಕುಕ್ಕಿ ಹೋದಳು. "ಹೋಗಿ ಬೈಸ್ಕೊಂಡು ಬಾ. ಮನೇಲಿ ಕೂತು ನೀನೇ ಬೈಕೊಳ್ಳೋದಕ್ಕಿಂತ ಅವಳ ಕೈಲಿ ಬೈಸ್ಕೊಳ್ಳೋದು ಮೇಲು."

ಹೋದ. ಹಳೇ ಸ್ವೆಟರ್ ಹಾಕಿಕೊಂಡು ಹೋದ. ಶೆಡ್ಡಿನಲ್ಲಿ ರೈಲು ಓಡುತ್ತಿತ್ತು. ಕ್ರೇನಿನ ಮುಂದೆ ಒಂದು ಚೀಟಿ ಇತ್ತು: 'ಕ್ರೇನು ಕೆಟ್ಟಿದೆ.'

"ಏನಾಗಿದೆ ಇದಕ್ಕೆ?" ಕೇಳಿದ.

ಅವಳು ತಲೆ ಎತ್ತಿದಳು. ಅವನನ್ನು ಕಂಡು ಮುಖದಲ್ಲಿ ಏನೋ ಬೆಳಗಿತು, ಕೂಡಲೇ ಅದನ್ನು ಆರಿಸಿದಳು.

"ಏನೂ ಆಗಿಲ್ಲ," ಎಂದಳು ರೈಲಿನ ಕಡೆ ನೋಡುತ್ತ. "ನಂಗೇ ಬೇಜಾರು."

ಅವನು ಆ ಚೀಟಿಯನ್ನು ಇನ್ನೊಮ್ಮೆ ಓದಿದ.

"ನಾನು ಕೆಲಸ ಮಾಡೋ ಜಾಗಕ್ಕೆ ಒಂದ್ಸಲ ಬರ್ತೀರಾ?" ಎಂದ. "ಮೇಲೆ ಅಲ್ಲ. ಸ್ಟೋರಿಗೆ."

ಅವಳು ರೈಲಿನ ವೇಗದ ಗುಬುಟನ್ನು ಅತ್ತ ಇತ್ತ ತಿರುಗಿಸಿದಳು. "ನೋಡೋಣ," ಅಂದಳು.

ಆ 'ನೋಡೋಣ'ವನ್ನು ಅವನು ಅಂಗಾತ ಮಲಗಿ, ಮಗ್ಗುಲಾಗಿ ಮಲಗಿ, ಎಲ್ಲ ರೀತಿಯಲ್ಲೂ ಯೋಚಿಸಿದ. ಅದರಲ್ಲಿ ಹೂಂ ಇದೆಯೋ ಊಹೂಂ ಇದೆಯೋ ತಿಳಿಯಲಿಲ್ಲ.

*

ಮಧ್ಯಾಹ್ನದ ಪಾಳಿ ಶುರುವಾಗುವ ಹೊತ್ತು. ಸ್ಟೋರಿನ ಕಿಂಡಿಯ ಮುಂದೆ ಗ್ಲೌಸಿಗಾಗಿ ಸಾಲು ನಿಂತಿತ್ತು. ಅವನು ತಲೆ ತಗ್ಗಿಸಿ ಒಂದೊಂದೇ ಜೊತೆ ಕೊಡುತ್ತಿದ್ದ.

"ಯಾವ ಸೈಜು?"

"ಸೈಜು ಗೊತ್ತಿಲ್ಲ. ಸ್ಟೋರ್ ನೋಡ್ಬೇಕಿತ್ತು."

ಅವಳು. ಸಾಲಿನಲ್ಲೇ ನಿಂತು, ತನ್ನ ಸರದಿ ಬಂದ ಮೇಲೆ ಕೇಳಿದ್ದಳು. ಹಿಂದೆ ನಿಂತವರು ಬಗ್ಗಿ ಬಗ್ಗಿ ನೋಡುತ್ತಿದ್ದರು.

ಅವನು ಪಕ್ಕದ ಬಾಗಿಲು ತೆರೆದು ಒಳಗೆ ಕರೆದ. ಗೋಡೆಯುದ್ದಕ್ಕೂ ಹಗ್ಗದ ಸುರುಳಿಗಳು, ಹೆಲ್ಮೆಟ್ಟುಗಳು, ಎಣ್ಣೆಯ ವಾಸನೆ. ಒಂದು ಹಗ್ಗ ತೆಗೆದು, ಎಳೆಗಳನ್ನು ಬಿಡಿಸಿ ಒಳಗಿನದನ್ನು ತೋರಿಸಿದ. "ಹೊರಗೆ ನೋಡಿದ್ರೆ ಗಟ್ಟಿಯಾಗೇ ಇರುತ್ತೆ. ಒಳಗೆ ಪುಡಿಯಾಗಿದ್ರೆ ಎಸೀಬೇಕು. ದಿನಾ ನೋಡ್ತೀನಿ. ಅದೇ ನನ್ನ ಕೆಲಸ."

"ಒಬ್ಬರ ಜೀವ ಇದರ ಮೇಲೆ ನಿಂತಿರುತ್ತಾ?"

"ನಿಂತಿರುತ್ತೆ."

ಅವಳು ಆ ಎಳೆಯ ಮೇಲೆ ಬೆರಳಾಡಿಸಿದಳು.

ಕಿಂಡಿಯಲ್ಲಿ ಮೇಸ್ತ್ರಿಯ ಮುಖ ಮೂಡಿತು. ಮಾಡಿದ ತಪ್ಪಿಗೆ ದಂಡ ಕಟ್ಟಲು ಬಂದವನಂತೆ ಕೈ ಹಿಸುಕಿಕೊಳ್ಳುತ್ತಿದ್ದ. "ಅಮ್ಮಾ, ಇವತ್ತು ಗಾಳಿ ಇಲ್ಲ. ಸಾಹೇಬರನ್ನೂ ಕೇಳಿದೀನಿ. ಮೇಲೆ ಹತ್ತಿ ನೋಡ್ತೀರಾ? ನಾನು ಕರ್ಕೊಂಡು ಹೋಗ್ತೀನಿ."

ಅವನು ಬಿಡಿಸಿದ ಎಳೆಗಳನ್ನು ಮತ್ತೆ ಹೊಸೆಯತೊಡಗಿದ. ಅವಳು ಮೇಸ್ತ್ರಿಯನ್ನು ನೋಡಿದಳು, ಅವನನ್ನು ನೋಡಿದಳು.

"ಇವತ್ತು ಬೇಡ. ಇವತ್ತು ಸ್ಟೋರ್ ನೋಡೋಕೆ ಬಂದಿದೀನಿ."

ಸಾಲಿನಿಂದ ಯಾರೋ ಕೂಗಿದರು, "ಲೇ ಗಿಡುಗ, ಗ್ಲೌಸು ಕೊಟ್ಟು ಆಮೇಲೆ ಸಂಸಾರ ಹೂಡೋ!"

ಎಲ್ಲರೂ ನಕ್ಕರು. ಅವನನ್ನು ಕ್ರೇನಿನಿಂದ ಇಳಿಸಿದ ದಿನ ನಗದೇ ಇದ್ದವರು ಇಂದು ಮನಸಾರೆ ನಕ್ಕರು. ಅವನು ಕಿಂಡಿಗೆ ಬಂದು ಗ್ಲೌಸು ಕೊಡತೊಡಗಿದ. ಅವಳು ಪಕ್ಕದಲ್ಲಿ ನಿಂತು ಗಂಟು ಬಿಚ್ಚಿ ಜೊತೆ ಜೋಡಿಸಿ ಕೊಟ್ಟಳು. ಅವರ ಕೈಗಳು ಗ್ಲೌಸುಗಳ ರಾಶಿಯಲ್ಲಿ ಅಲ್ಲಲ್ಲಿ ಡಿಕ್ಕಿ ಹೊಡೆದವು.

"ಒಂದು ಮಾತು ಈಗಲೇ ಹೇಳಿಬಿಡ್ತೀನಿ," ಎಂದ ಅವನು, ಸಾಲಿನವರಿಗೆ ಕೇಳಿಸಿದರೂ ಕೇಳಿಸಲಿ ಎಂಬಂತೆ. "ಆಮೇಲೆ ಹೇಳಲಿಲ್ಲ ಅನ್ನೋದು ಬೇಡ. ನಂಗೆ ನೀವು ಅಂದ್ರೆ ಇಷ್ಟ. ತುಂಬಾ. ಆದ್ರೆ ನಾನು ಮತ್ತೆ ಮೇಲೆ ಹತ್ತದೇ ಇರಬಹುದು. ಯಾವತ್ತೂ."

ಅವಳು ಜೊತೆ ಜೋಡಿಸುತ್ತಿದ್ದ ಕೈ ನಿಲ್ಲಿಸಿದಳು.

"ಮೇಲೆ ಯಾರಿಗೆ ಬೇಕು?" ಎಂದಳು. ಮೂಗಿನ ಮೇಲೆ ಸುಕ್ಕು ಮೂಡಿತ್ತು. "ನಂಗೆ ನೀನು ಕೆಳಗೇ ಬೇಕು."

ನೀನು. ಅವನಿಗೆ ಮೊದಲು ಕೇಳಿಸಿದ್ದು ಅದೊಂದೇ. ಉಳಿದ ಮಾತು ನಿಧಾನವಾಗಿ, ಗುಟುಕು ಗುಟುಕಾಗಿ ಒಳಗಿಳಿಯಿತು.

ಯಾರೋ ಸಿಳ್ಳೆ ಹೊಡೆದರು. ಮೇಸ್ತ್ರಿ ಬೆನ್ನು ತಿರುಗಿಸಿ ಮೂಗು ಒರೆಸಿಕೊಂಡ. ಸಾಲಿನ ಮುಂದಿದ್ದವನು ಎರಡೂ ಕೈ ಎತ್ತಿ ತೋರಿಸಿದ.

"ಅದೆಲ್ಲ ಸರಿ ಕಣಪ್ಪಾ, ಎರಡೂ ಬಲಗೈದೇ ಕೊಟ್ಟಿದೀಯಲ್ಲ!"

ಅವಳು ಬಿದ್ದು ಬಿದ್ದು ನಕ್ಕಳು. ಅವನು ಗ್ಲೌಸು ವಾಪಸು ತೆಗೆದುಕೊಂಡು ರಾಶಿಯಲ್ಲಿ ಎಡಗೈಯದನ್ನು ಹುಡುಕತೊಡಗಿದ. ಕಿವಿ, ಕೆನ್ನೆ, ಕತ್ತು ಎಲ್ಲ ಸುಡುತ್ತಿತ್ತು. ಓಡಿಹೋಗಬೇಕು ಎಂದು ಮಾತ್ರ ಅನ್ನಿಸಲಿಲ್ಲ.